ಪದ ಪರಿಚಯ: ಎಂಜಿನ್ ಸ್ವಾಪ್

ಕಾರಿನ ಬಾಡಿ ಹಳೆಯದನ್ನೇ ಉಳಿಸಿಕೊಂಡು, ಒಳಗಿನ ಎಂಜಿನ್ ಇಳಿಸಿ, ಬೇರೆ ಮಾಡೆಲ್‌ನ ಅಥವಾ ಬೇರೆ ಕಂಪನಿಯ ಎಂಜಿನ್ ಕೂರಿಸುವುದೇ ಎಂಜಿನ್ ಸ್ವಾಪ್. ಇದ್ದ ಎಂಜಿನ್ನನ್ನೇ ಇಳಿಸಿ, ಬೋರ್ ಮಾಡಿಸಿ, ಹೊಸ ಪಿಸ್ಟನ್, ರಿಂಗ್ ಹಾಕಿ ಮತ್ತೆ ಏರಿಸಿದರೆ ಅದು ಸ್ವಾಪ್ ಆಗುವುದಿಲ್ಲ, ಎಂಜಿನ್ ಕೆಲಸ ಅಷ್ಟೇ. ಹಳೆಯ ಸ್ಪೋರ್ಟ್ಸ್ ಕಾರುಗಳ ವಿಷಯದಲ್ಲಿ ಸ್ವಾಪ್ ಅಂದರೆ ಸಾಮಾನ್ಯವಾಗಿ ಮೊದಲಿನದಕ್ಕಿಂತ ಹೆಚ್ಚು ಸಿಸಿಯ ಎಂಜಿನ್ ಬಂತು ಎಂದೇ ತಿಳಿಯಬೇಕು.

ಸಿಸಿ ಕೇಳುವವರು ಬಹಳ, ತೂಕ ಕೇಳುವವರು ಕಡಿಮೆ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ತೂಕವನ್ನೇ. ಇದಕ್ಕೆ ಬ್ರಿಟನ್ನಿನ ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ, ಯಾಕೆಂದರೆ ಅದೇ ಬಾಡಿಯೊಳಗೆ ಎರಡು ಬಗೆಯ ದೊಡ್ಡ ಎಂಜಿನ್ ಬಂದವು.

1962ರಲ್ಲಿ ಬಂದ ಎಂಜಿಬಿಗೆ ಇದ್ದದ್ದು 1798 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್. ಅದು ನಮ್ಮ ಅಂಬಾಸಡರ್‌ನ 1489 ಸಿಸಿ ಎಂಜಿನ್ನಿನ ಒಡಹುಟ್ಟು. ಎರಡೂ ಬಿಎಂಸಿ ಕಂಪನಿಯ ಬಿ-ಸೀರೀಸ್. 1967ರಲ್ಲಿ ಕಂಪನಿಯೇ ಅದೇ ಬಾಡಿಯೊಳಗೆ 2912 ಸಿಸಿಯ ಆರು ಸಿಲಿಂಡರ್ ಎಂಜಿನ್ ಹಾಕಿ ಎಂಜಿಸಿ ಎಂದು ಮಾರಿತು. ಕಬ್ಬಿಣದ ಆ ಉದ್ದನೆಯ ಎಂಜಿನ್ ಹಳೆಯದಕ್ಕಿಂತ ಸುಮಾರು 95 ಕೆ.ಜಿ. ಭಾರ. ಅದು ಹಿಡಿಯಲೆಂದು ಮುಂದಿನ ಸಸ್ಪೆನ್ಷನ್ ಪೂರ್ತಿ ಬದಲಾಯಿಸಬೇಕಾಯಿತು, ಬಾನೆಟ್ ಮೇಲೆ ಉಬ್ಬು ತರಬೇಕಾಯಿತು. ನೇರ ರಸ್ತೆಯಲ್ಲಿ ಕಾರು ಚೆನ್ನಾಗಿ ಓಡಿತು. ಆದರೆ ಮೂತಿ ಭಾರವಾಗಿ, ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದಷ್ಟು ಕಾರು ತಿರುಗುವುದಿಲ್ಲ ಎಂಬ ದೂರು ಬಂತು. 1969ಕ್ಕೇ ಅದರ ಉತ್ಪಾದನೆ ನಿಂತಿತು.

ಆಮೇಲೆ ಕೆನ್ ಕಾಸ್ಟೆಲೋ ಎಂಬ ರೇಸ್ ಚಾಲಕ ಎಂಜಿಬಿಗೆ ರೋವರ್ ಕಂಪನಿಯ 3528 ಸಿಸಿ ವಿ8 (ವಿ ಆಕಾರದಲ್ಲಿ ಎಂಟು ಸಿಲಿಂಡರ್ ಇರುವ ಎಂಜಿನ್) ಕೂರಿಸಿ ಮಾರತೊಡಗಿದ. ಅಮೆರಿಕದ ಬ್ಯೂಕ್ ಕಾರಿಗಾಗಿ ರೂಪುಗೊಂಡ ಆ ಎಂಜಿನ್ ಅಲ್ಯೂಮಿನಿಯಂನದು. ಸಿಲಿಂಡರ್ ಎಂಟಿದ್ದರೂ, ಸಿಸಿ ಹೆಚ್ಚುಕಮ್ಮಿ ಎರಡರಷ್ಟಾದರೂ, ಕಬ್ಬಿಣದ ನಾಲ್ಕು ಸಿಲಿಂಡರಿಗಿಂತ ಅದು ಭಾರವಾಗಲಿಲ್ಲ. ತುಸು ಹಗುರವೇ ಆಯಿತು. ಕಾಸ್ಟೆಲೋ ಮಾಡಿ ತೋರಿಸಿದ್ದನ್ನು 1973ರಲ್ಲಿ ಎಂಜಿಬಿ ತಯಾರಿಸುವ ಕಂಪನಿಯೂ ಮಾಡಿತು. ಎಂಜಿಬಿ ಜಿಟಿ ವಿ8 ಎಂಬ ಆ ಕಾರಿನ ಬಾನೆಟ್ ತೆಗೆದರೆ ಎರಡು ಕಾರ್ಬುರೇಟರ್‌ಗಳು ಎಂಜಿನ್ನಿನ ತಲೆಯ ಮೇಲಿರದೆ ಹಿಂದಕ್ಕೆ ಸರಿದು ಕೂತಿರುವುದು ಕಾಣುತ್ತದೆ. ಬಾನೆಟ್ಟಿಗೆ ಉಬ್ಬು ಬೇಡವೆಂದೇ ಮಾಡಿದ ಏರ್ಪಾಡು ಅದು. 1976ರವರೆಗೆ ತಯಾರಾದದ್ದು 2591 ಕಾರು ಮಾತ್ರ. ಎಂಜಿನ್ ಸ್ವಾಪ್ ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಈ ಕಾರನ್ನೇ.

ಎಂಜಿನ್ ಕೂತ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಎಂಜಿನ್ ಹಿಡಿದಿಡುವ ಮೌಂಟ್‌ಗಳನ್ನು ಹೊಸದಾಗಿ ವೆಲ್ಡ್ ಮಾಡಬೇಕು. ಆಯಿಲ್ ಸಂಪ್ ಕೆಳಗಿನ ಅಡ್ಡಪಟ್ಟಿಗೆ ತಾಗಬಾರದು, ಎಕ್ಸಾಸ್ಟ್ ಪೈಪ್ ಸ್ಟೀರಿಂಗ್ ರಾಡಿಗೆ ತಾಗಬಾರದು. ಟಾರ್ಕ್, ಅಂದರೆ ತಿರುಗಿಸುವ ಬಲ, ಜಾಸ್ತಿಯಾದರೆ ಹಳೆ ಕ್ಲಚ್ ಜಾರುತ್ತದೆ, ಗೇರ್‌ಬಾಕ್ಸ್ ಹಲ್ಲು ಮುರಿಯುತ್ತದೆ. ರೇಡಿಯೇಟರ್ ಸಾಲದೆ ಎಂಜಿನ್ ಬಿಸಿಯಾಗುತ್ತದೆ. ಹಿಂದಿನ ಆಕ್ಸಲ್ಲಿನ ರೇಶಿಯೋ ಕೂಡ ಬದಲಾಗಬೇಕು: ಎಂಜಿಬಿಯಲ್ಲಿ ಎಂಜಿನ್ ಕಡೆಯ ಶಾಫ್ಟ್ 3.9 ಸುತ್ತು ಸುತ್ತಿದಾಗ ಚಕ್ರ ಒಂದು ಸುತ್ತು ತಿರುಗುತ್ತಿತ್ತು, ವಿ8ನಲ್ಲಿ ಅದಕ್ಕೆ 3.07 ಸುತ್ತು ಸಾಕಾಯಿತು. ಹಳೆಯ ರೇಶಿಯೋವನ್ನೇ ಬಿಟ್ಟಿದ್ದರೆ ಹೈವೇಯಲ್ಲಿ ಆ ದೊಡ್ಡ ಎಂಜಿನ್ ಸುಮ್ಮನೆ ಅರಚುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ ಬ್ರೇಕ್. ಓಡುವ ಶಕ್ತಿ ಹೆಚ್ಚಿಸಿ ನಿಲ್ಲುವ ಶಕ್ತಿ ಹೆಚ್ಚಿಸದ ಕಾರಿನಲ್ಲಿ ಯಾರೂ ಕೂರಬಾರದು.

ಜಾಗದ ಇಕ್ಕಟ್ಟು ಎಷ್ಟಿರುತ್ತದೆ ಎಂಬುದಕ್ಕೆ 1964ರ ಸನ್‌ಬೀಮ್ ಟೈಗರ್ ಸಾಕ್ಷಿ. ಸಣ್ಣ ಸನ್‌ಬೀಮ್ ಆಲ್ಪೈನ್‌ಗೆ ಫೋರ್ಡ್‌ನ 4.2 ಲೀಟರ್ ವಿ8 ತುರುಕಿ ಮಾಡಿದ ಕಾರು ಅದು. ಹಿಂದಿನ ಒಂದು ಸ್ಪಾರ್ಕ್ ಪ್ಲಗ್ಗಿಗೆ ಬಾನೆಟ್ ಕಡೆಯಿಂದ ಸ್ಪ್ಯಾನರ್ ಹೋಗುವುದಿಲ್ಲ; ಕಾರಿನೊಳಗಿನಿಂದ, ಎಂಜಿನ್ ಹಿಂದಿನ ತಗಡಿನಲ್ಲಿ ಕೊರೆದ ತೂತಿನ ಮೂಲಕ ಬಿಚ್ಚಬೇಕು! ಈಗ ಅಮೆರಿಕದಲ್ಲಿ ಷೆವ್ರೊಲೆಯ ಎಲ್‌ಎಸ್ ವಿ8 ಎಂಜಿನ್‌ಗಳು ಪುಟ್ಟ ಮಾಜ್ದಾ ಎಂಎಕ್ಸ್-5ರಲ್ಲೂ ಹಿಡಿಯುತ್ತವೆ. ಅವುಗಳಲ್ಲಿ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಒಂದೇ, ಅದೂ ಬ್ಲಾಕಿನ ನಡುವೆಯೇ ಇರುವುದರಿಂದ ಸಿಲಿಂಡರ್ ಹೆಡ್‌ಗಳು ಚಿಕ್ಕವು. ಸಿಸಿ ಎಷ್ಟೇ ಇದ್ದರೂ ಹೊರಗಿನ ಅಳತೆ ಕಡಿಮೆ.

ನಮ್ಮಲ್ಲಿ ಸ್ಪೋರ್ಟ್ಸ್ ಕಾರು ಅಲ್ಲದಿದ್ದರೂ ಕಾಂಟೆಸ್ಸಾ ಈ ದಾರಿಯಲ್ಲೇ ನಡೆಯಿತು. 1984ರಲ್ಲಿ ಬಂದಾಗ ಅಷ್ಟು ದೊಡ್ಡ ಕಾರಿಗೆ ಅಂಬಾಸಡರ್‌ನ ಅದೇ 1489 ಸಿಸಿ ಎಂಜಿನ್ ಸಾಲಲಿಲ್ಲ. ಹಿಂದುಸ್ತಾನ್ ಮೋಟಾರ್ಸ್ ಮುಂದೆ ಜಪಾನಿನ ಇಸುಜು 1.8 ಲೀಟರ್ ಎಂಜಿನ್ ಹಾಕಿತು, ಕಾರಿನ ಗತ್ತೇ ಬೇರೆಯಾಯಿತು.

ಅದನ್ನು ಮಾಡಿದ್ದು ತಯಾರಕರು. ಮಾಲೀಕರೇ ಮಾಡಿಸಹೊರಟರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ: ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ಕಂಪನಿಯ ಅದೇ ಬಗೆಯ ಎಂಜಿನ್ ಹಾಕಿಸಿದರೂ ಆರ್‌ಟಿಒಗೆ ತಿಳಿಸಿ, ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್ ಬರೆಸಿಕೊಳ್ಳಬೇಕು.