ವಾಂತಿ ಮಾಡುವ ನಾಯಿ ಮತ್ತು ಮನೆಯಲ್ಲಿರುವ ನೋವಿನ ಮಾತ್ರೆ

ನಮ್ಮ ಪಶುವೈದ್ಯಕೀಯ ಪಠ್ಯದಲ್ಲಿ ವಾಂತಿ ಒಂದು ಅಧ್ಯಾಯ, ನೋವುನಿವಾರಕಗಳು ಇನ್ನೊಂದು ಅಧ್ಯಾಯ. ಮೊದಲನೆಯದನ್ನು ಓದಿ ಮುಗಿಸಿ ಎರಡನೆಯದಕ್ಕೆ ಬರುವಷ್ಟರಲ್ಲಿ ಒಂದು ಪರೀಕ್ಷೆಯೇ ಕಳೆದಿರುತ್ತದೆ. ಆಸ್ಪತ್ರೆಯಲ್ಲಾದರೆ ಎರಡೂ ಒಂದೇ ನಾಯಿಯ ಮೈಮೇಲೆ ಬಂದು ನಿಲ್ಲುತ್ತವೆ. ಶಿರಸಿ ಕಡೆಯ ಪಶು ಆಸ್ಪತ್ರೆಯೊಂದರಲ್ಲಿ ತರಬೇತಿಗೆಂದು ಕಳೆದ ಮಳೆಗಾಲದಲ್ಲಿ ನಾನು ಇದನ್ನು ಕಣ್ಣಾರೆ ಕಂಡೆ. ಆದ್ದರಿಂದ ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ. ಮುಂದಿನ ತಂಡದಲ್ಲಿ ಬರುವವರಿಗೆ ಉಪಯೋಗವಾಗಲಿ.

ಜುಲೈ ತಿಂಗಳ ಒಂದು ಬೆಳಿಗ್ಗೆ, ಜಡಿಮಳೆಯಲ್ಲಿ, ಅಜ್ಜರೊಬ್ಬರು ಕರಿಯ ಎಂಬ ನಾಯಿಯನ್ನು ಗೋಣಿಚೀಲದ ಮೇಲೆ ಮಲಗಿಸಿಕೊಂಡು ಜೀಪಿನಲ್ಲಿ ತಂದರು. ಊರ ನಾಯಿ, ಸುಮಾರು ಹದಿನೈದು ಕಿಲೋ ತೂಕ. ಹಿಂದಿನ ರಾತ್ರಿಯಿಂದ ವಾಂತಿ. ಗೋಣಿಯ ಮೇಲೆ ಬಿದ್ದಿದ್ದದ್ದು ಕಂದುಬಣ್ಣದ ನೀರು, ಅದರಲ್ಲಿ ಕಾಫಿ ಸೋಸಿದ ಮೇಲೆ ಉಳಿಯುವ ಚರಟದಂಥ ಕಣಗಳು. ಏನಾದರೂ ಔಷಧ ಕೊಟ್ಟಿದ್ದೀರಾ ಎಂದು ನಾನು ಎರಡು ಸಲ ಕೇಳಿದೆ. "ಇಲ್ಲ ತಂಗಿ, ಔಷಧ ಏನೂ ಕೊಡಲಿಲ್ಲ" ಎಂದರು. ನಮ್ಮ ಹಿರಿಯ ವೈದ್ಯರು ಬಂದು ನಾಯಿಯ ಸುದ್ದಿಯನ್ನೇ ಎತ್ತದೆ, "ಅಜ್ಜ, ನಿಮ್ಮ ಮೊಣಕಾಲು ಹೇಗಿದೆ? ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ?" ಎಂದು ವಿಚಾರಿಸಿದರು. ಅಜ್ಜ ಕಿಸೆಯಿಂದ ಮಾತ್ರೆಯ ಪಟ್ಟಿ ತೆಗೆದು ತೋರಿಸಿದರು. "ಇದೇ. ಇವನೂ ಕಾಲು ಎಳೆಯುತ್ತಿದ್ದನಲ್ಲ, ಮೂರು ದಿನ ಬೆಳಿಗ್ಗೆ ಒಂದು, ಸಂಜೆ ಒಂದು ದೋಸೆಯೊಳಗೆ ಇಟ್ಟು ಕೊಟ್ಟೆ."

ಅವರು ಏನನ್ನೂ ಮುಚ್ಚಿಟ್ಟಿರಲಿಲ್ಲ. ಅವರ ಲೆಕ್ಕದಲ್ಲಿ ಔಷಧವೆಂದರೆ ಆಸ್ಪತ್ರೆಯಿಂದ ತಂದದ್ದು. ಇದು ಮನೆಯ ಮಾತ್ರೆ, ತಾನು ತಿಂದು ಗುಣ ಕಂಡದ್ದು. ಆ ಪಟ್ಟಿಯ ಮೇಲೆ ಅಸಿಕ್ಲೋಫಿನಾಕ್ 100 ಮಿ.ಗ್ರಾಂ, ಪ್ಯಾರಾಸಿಟಮಾಲ್ 325 ಮಿ.ಗ್ರಾಂ ಎಂದು ಬರೆದಿತ್ತು. ನಮ್ಮ ಕಡೆ ಮೊಣಕಾಲು ನೋವಿರುವ ಮನೆಯಲ್ಲೆಲ್ಲ ಸಿಗುವ ಜೋಡಿ ಇದು.

ಮೊದಲು ವಾಂತಿಯ ವಿಷಯ. ನಾಯಿ ಹೊರಹಾಕಿದ್ದೆಲ್ಲ ವಾಂತಿಯಲ್ಲ. ವಾಂತಿಗೆ ಮುಂಚೆ ಅದು ಜೊಲ್ಲು ಸುರಿಸುತ್ತದೆ, ತುಟಿ ನೆಕ್ಕುತ್ತದೆ, ಚಡಪಡಿಸುತ್ತದೆ. ಬಳಿಕ ಹೊಟ್ಟೆಯನ್ನು ಒತ್ತಿ ಒತ್ತಿ ಹೊರಹಾಕುತ್ತದೆ. ಅದ್ಯಾವುದೂ ಇಲ್ಲದೆ, ತಲೆ ತಗ್ಗಿಸಿದೊಡನೆ ತಿಂದ ಅನ್ನ ಜೀರ್ಣವಾಗದೆ ಉಂಡೆಯಾಗಿ ಜಾರಿ ಬಿದ್ದರೆ ತೊಂದರೆ ಅನ್ನನಾಳದಲ್ಲಿದೆ. ಮನೆಯವರು ಎರಡಕ್ಕೂ "ಕಾರಿತು" ಎಂದೇ ಹೇಳುತ್ತಾರೆ. ಆದ್ದರಿಂದ ಹೊಟ್ಟೆ ಕುಣಿಯಿತೇ ಎಂದು ಬಿಡಿಸಿ ಕೇಳಬೇಕು. ಮೊಬೈಲಿನಲ್ಲಿ ವಿಡಿಯೊ ಇದ್ದರೆ ಇನ್ನೂ ಒಳ್ಳೆಯದು.

ಒಮ್ಮೆ ವಾಂತಿ ಮಾಡಿ, ಬಾಲ ಅಲ್ಲಾಡಿಸಿಕೊಂಡು, ಮತ್ತೆ ತಿನ್ನಲು ಕೇಳುವ ಬೆಳೆದ ನಾಯಿಗೆ ಗಾಬರಿ ಬೀಳಬೇಕಿಲ್ಲ. ಬೆಳಗಿನ ಜಾವ ಖಾಲಿ ಹೊಟ್ಟೆಯಲ್ಲಿ ಸ್ವಲ್ಪ ಹಳದಿ ಪಿತ್ತ ಕಾರುವ ನಾಯಿಗಳೂ ಇವೆ; ಎಷ್ಟೋ ಸಲ ರಾತ್ರಿ ತಡವಾಗಿ ಒಂದು ತುತ್ತು ಹಾಕಿದರೆ ಅದು ನಿಲ್ಲುತ್ತದೆ. ಕಾಯದೆ ಹೊರಡಬೇಕಾದ ಸಂದರ್ಭಗಳು ಬೇರೆ. ವಾಂತಿಯಲ್ಲಿ ರಕ್ತ ಅಥವಾ ಕಾಫಿ ಚರಟದಂಥ ಹಳೆಯ ರಕ್ತ ಕಾಣುವುದು, ಮಲ ಡಾಂಬರಿನಂತೆ ಕಪ್ಪಗೆ ಅಂಟಂಟಾಗುವುದು, ಕುಡಿದ ನೀರೂ ನಿಲ್ಲದಿರುವುದು, ಒಂದೇ ದಿನದಲ್ಲಿ ಮತ್ತೆ ಮತ್ತೆ ವಾಂತಿಯಾಗುವುದು, ನಾಯಿ ಮೂಲೆ ಹಿಡಿದು ಕರೆದರೂ ಏಳದಿರುವುದು. ಇವುಗಳಲ್ಲಿ ಒಂದಿದ್ದರೂ ಅಂದೇ ತೋರಿಸಬೇಕು. ಮರಿಗಳಿಗಂತೂ ಈ ಪಟ್ಟಿಯೇ ಬೇಡ. ಲಸಿಕೆ ಆಗದ ಮರಿ ವಾಂತಿ ಮಾಡಿ ಮಂಕಾದರೆ ಪಾರ್ವೊ ವೈರಸ್ಸಿನ ರೋಗ ಎಂದುಕೊಂಡೇ ಹೊರಡಬೇಕು. ದುರ್ನಾತದ ರಕ್ತಭೇದಿ ಶುರುವಾಗಲಿ ಎಂದು ಕಾದರೆ ಅರ್ಧ ದಿನ ಕೈತಪ್ಪುತ್ತದೆ. 1978ರ ಸುಮಾರಿಗೆ ಜಗತ್ತಿನಾದ್ಯಂತ ಹರಡಿದ ಈ ವೈರಸ್ ಅಂಗಳದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಒಂದು ಮರಿ ಸತ್ತ ಮನೆಗೆ ಕೂಡಲೇ ಇನ್ನೊಂದು ಮರಿ ತರಬೇಡಿ ಎಂದು ಹೇಳುವುದು ಅದಕ್ಕೇ.

ಇನ್ನೊಂದು ಸ್ಥಿತಿಯಲ್ಲಿ ವಾಂತಿಯೇ ಬರುವುದಿಲ್ಲ. ನಾಯಿ ಓಕರಿಸುತ್ತದೆ, ನೊರೆಯಷ್ಟೇ ಬೀಳುತ್ತದೆ, ಹೊಟ್ಟೆ ಡೋಲಿನಂತೆ ಬಿಗಿಯುತ್ತದೆ. ಜರ್ಮನ್ ಶೆಫರ್ಡ್, ಗ್ರೇಟ್ ಡೇನ್‌ನಂಥ ಆಳವಾದ ಎದೆಯ ದೊಡ್ಡ ತಳಿಗಳಲ್ಲಿ ಜಠರ ಉಬ್ಬಿ ತಿರುಚಿಕೊಳ್ಳುವ ಲಕ್ಷಣ ಇದು. ಇಲ್ಲಿ ಲೆಕ್ಕ ಗಂಟೆಗಳದ್ದು. ಶಸ್ತ್ರಚಿಕಿತ್ಸೆ ಇರುವ ಕಡೆಗೆ ಫೋನ್ ಮಾಡಿಕೊಂಡೇ ಗಾಡಿ ಹತ್ತಬೇಕು.

ಕಾರಣಗಳನ್ನು ಹುಡುಕುವಾಗ ಪುಸ್ತಕದ ಪಟ್ಟಿಯನ್ನು ನಮ್ಮ ಜಿಲ್ಲೆಯ ಮೇಲೆ ಹಾಸಿ ನೋಡಿ. ಕಾರವಾರ, ಅಂಕೋಲಾ, ಕುಮಟಾದ ಕಡಲ ದಂಡೆಯಲ್ಲಾದರೆ ಮೊದಲು ಬಾಯಿ ತೆರೆದು ನಾಲಿಗೆಯ ಅಡಿಯನ್ನು ನೋಡಬೇಕು. ಬಂಗಡೆಯ ತಲೆಯ ಜೊತೆ ಗಾಳವೂ ನೈಲಾನ್ ದಾರವೂ ಒಳಗೆ ಹೋಗಿರುತ್ತವೆ. ದಾರ ನಾಲಿಗೆಯ ಬುಡಕ್ಕೆ ಸಿಕ್ಕಿಕೊಂಡು ಉಳಿದ ಭಾಗ ಕರುಳಿಗಿಳಿದಿರುತ್ತದೆ. ಕಂಡ ದಾರವನ್ನು ಎಂದೂ ಎಳೆಯಬೇಡಿ, ಕರುಳು ಗರಗಸಕ್ಕೆ ಸಿಕ್ಕಂತೆ ಕುಯ್ದುಹೋಗುತ್ತದೆ. ಮಾವಿನ ಕಾಲದಲ್ಲಿ ವಾಟೆ, ಮದುವೆಮನೆಯ ಹಿಂದೆ ಸಾರು ಹತ್ತಿದ ಪ್ಲಾಸ್ಟಿಕ್, ಇವೂ ದಾರಿ ಕಟ್ಟುತ್ತವೆ. ಹೀಗೆ ಕಟ್ಟಿರಬಹುದೆಂಬ ಅನುಮಾನವಿದ್ದಾಗ ವಾಂತಿ ನಿಲ್ಲಿಸುವ ಮೆಟೊಕ್ಲೊಪ್ರಮೈಡ್ ಕೊಡಬಾರದು. ಅದು ಜಠರವನ್ನು ಇನ್ನಷ್ಟು ಜೋರಾಗಿ ತಳ್ಳಿಸುತ್ತದೆ.

ಘಟ್ಟದ ಮೇಲೆ ಬೇರೆಯೇ ಕಥೆ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೊ ದ್ರಾವಣ ಹೊಡೆಯುತ್ತಾರೆ: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅಡಿಕೆ ಮರ ಹತ್ತುವ ಕೊನೆಗೌಡ ಮೇಲಿರುವಾಗ ಕೆಳಗೆ ಮೈಲುತುತ್ತ ಕರಗಿಸಿಟ್ಟ ಬಕೆಟ್ಟಿಗೆ ನಾಯಿ ಬಾಯಿ ಹಾಕುತ್ತದೆ. ಮೈಲುತುತ್ತ ಜಠರವನ್ನು ಸುಡುತ್ತದೆ, ವಾಂತಿ ನೀಲಿ ಹಸಿರಾಗಿ ಬರುತ್ತದೆ. ವಾಂತಿಯ ಬಣ್ಣ ಕೇಳುವುದನ್ನು ಎಂದೂ ಮರೆಯಬೇಡಿ ಎನ್ನುವುದಕ್ಕೆ ಇದೇ ಕಾರಣ. ಇಲಿ ಪಾಷಾಣ ತಿಂದ ನಾಯಿಯ ವಾಂತಿಗೆ ಬೆಳ್ಳುಳ್ಳಿ ವಾಸನೆ, ಕೆಲವೊಮ್ಮೆ ಕೊಳೆತ ಮೀನಿನ ವಾಸನೆ ಇರುತ್ತದೆ. ಸತುವಿನ ಫಾಸ್ಫೈಡ್ ಜಠರದ ಆಮ್ಲಕ್ಕೆ ಸೇರಿ ಹೊರಡಿಸುವ ಫಾಸ್ಫೀನ್ ಅನಿಲದ ವಾಸನೆ ಅದು. ಆ ಅನಿಲ ನಮಗೂ ವಿಷ. ಕಿಟಕಿ ತೆರೆಯಿರಿ, ಮುಖ ದೂರವಿಡಿ. ವಿಷ ಇಳಿಯಲಿ ಎಂದು ಅನ್ನ ಉಣಿಸಿದರೆ ಆಮ್ಲ ಹೆಚ್ಚಿ ಅನಿಲವೂ ಹೆಚ್ಚುತ್ತದೆ.

ಗದ್ದೆಯ ನೀರಿನಲ್ಲಿ ಓಡಾಡುವ ನಾಯಿಗೆ ಜ್ವರ, ವಾಂತಿ, ಕಣ್ಣಲ್ಲಿ ಹಳದಿ ಬಂದರೆ ಇಲಿಜ್ವರವನ್ನು ನೆನೆಯಿರಿ. ಅದು ಮೂತ್ರದ ಮೂಲಕ ಮನುಷ್ಯರಿಗೂ ಅಂಟುತ್ತದೆ, ಕೈಗವಸು ಹಾಕಿಕೊಳ್ಳಿ. ಇನ್ನು ಉಣುಗು. ಉಣುಗಿನಿಂದ ಬರುವ ಎರ್ಲಿಕಿಯಾ ರೋಗದಲ್ಲಿ ರಕ್ತದ ಪ್ಲೇಟ್‌ಲೆಟ್‌ಗಳು ಕುಸಿಯುತ್ತವೆ, ಕೀಲೂ ನೋಯಬಹುದು. ನಾಯಿ ಕುಂಟುವುದನ್ನು ಕಂಡು ಮನೆಯವರು ನೋವಿನ ಮಾತ್ರೆ ಕೊಡುತ್ತಾರೆ. ಮೊದಲೇ ರಕ್ತ ಹೆಪ್ಪುಗಟ್ಟದ ನಾಯಿಗೆ ಜಠರದಲ್ಲಿ ಹುಣ್ಣೂ ಆದರೆ ಏನಾಗುತ್ತದೆಂದು ನೀವೇ ಊಹಿಸಬಲ್ಲಿರಿ.

ಈಗ ಮಾತ್ರೆಗೆ ಬರೋಣ. ಅಸಿಕ್ಲೋಫಿನಾಕ್, ಡೈಕ್ಲೋಫಿನಾಕ್, ಐಬುಪ್ರೊಫೇನ್, ಮೆಲಾಕ್ಸಿಕಾಂ ಎಲ್ಲವೂ ಒಂದೇ ಕುಟುಂಬ. ನೋವು, ಬಾವು ಹೆಚ್ಚಿಸುವ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕ ದೇಹದಲ್ಲಿ ತಯಾರಾಗುವುದನ್ನು ತಡೆದು ಇವು ನೋವು ಇಳಿಸುತ್ತವೆ; ಆಸ್ಪಿರಿನ್ ಹೀಗೆ ಕೆಲಸ ಮಾಡುತ್ತದೆಂದು 1971ರಲ್ಲಿ ತೋರಿಸಿದ ಜಾನ್ ವೇನ್ ಅವರಿಗೆ 1982ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ತೊಡಕು ಇರುವುದೂ ಇಲ್ಲೇ. ಜಠರದ ಒಳಗೋಡೆಗೆ ಲೋಳೆಯ ಹೊದಿಕೆ ಹಾಕುವುದೂ, ದೇಹದಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡಕ್ಕೆ ರಕ್ತ ಹರಿಯುವಂತೆ ನೋಡಿಕೊಳ್ಳುವುದೂ ಅದೇ ಪ್ರೋಸ್ಟಗ್ಲಾಂಡಿನ್. ವಾಂತಿ ಮಾಡುವ ನಾಯಿಯ ಮೈಯಲ್ಲಿ ಮೊದಲೇ ನೀರಿಲ್ಲ. ಅದರ ಮೂತ್ರಪಿಂಡ ಹಿಡಿದುಕೊಂಡಿರುವ ಕೊನೆಯ ಹಗ್ಗವನ್ನು ಈ ಮಾತ್ರೆ ಕತ್ತರಿಸುತ್ತದೆ. ಹೊಟ್ಟೆನೋವಿನಿಂದ ನರಳುತ್ತಿದೆ ಎಂದು ಮರುಕಪಟ್ಟು ಕೊಟ್ಟ ಒಂದು ಮಾತ್ರೆ, ಅಷ್ಟೇ.

ಪ್ರಮಾಣವನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದರೆ ಮನಸ್ಸಿನಲ್ಲಿ ನಿಲ್ಲುತ್ತದೆ. ನಾಯಿಗೆ ಮೆಲಾಕ್ಸಿಕಾಂ ಮೊದಲ ದಿನ ಕಿಲೋಗೆ 0.2 ಮಿ.ಗ್ರಾಂ, ಮರುದಿನದಿಂದ 0.1 ಮಿ.ಗ್ರಾಂ, ದಿನಕ್ಕೆ ಒಂದೇ ಸಲ, ಆಹಾರದ ಜೊತೆ. ಕರಿಯನಿಗಾದರೆ ಮೊದಲ ದಿನ 3, ಆಮೇಲೆ 1.5 ಮಿ.ಗ್ರಾಂ. ಮನುಷ್ಯರ ಮಾತ್ರೆಯಲ್ಲಿ 7.5 ಅಥವಾ 15 ಮಿ.ಗ್ರಾಂ ಇರುತ್ತದೆ. ಕೊಟ್ಟಿಗೆಯ ಕಿಟಕಿಯಲ್ಲಿ ಉಳಿದಿರುವ ಆಕಳ ಬೋಲಸ್ಸಿನಲ್ಲಿ, ಅಂದರೆ ದಪ್ಪ ಮಾತ್ರೆಯಲ್ಲಿ, 100 ಮಿ.ಗ್ರಾಂ ಮೆಲಾಕ್ಸಿಕಾಂ, ಕೆಲವದರಲ್ಲಿ ಜೊತೆಗೆ 1500 ಮಿ.ಗ್ರಾಂ ಪ್ಯಾರಾಸಿಟಮಾಲ್. ಅಂಥದೊಂದು ಬೋಲಸ್ ನುಂಗಿದ ಹದಿನೈದು ಕಿಲೋ ನಾಯಿಗೆ ಮೊದಲ ದಿನದ ಪ್ರಮಾಣದ ಮೂವತ್ತಮೂರು ಪಟ್ಟು ಮೆಲಾಕ್ಸಿಕಾಂ ಬಿತ್ತು. ಪ್ಯಾರಾಸಿಟಮಾಲ್ ಕಿಲೋಗೆ 100 ಮಿ.ಗ್ರಾಂ ಆಯಿತು, ಅಂದರೆ ಯಕೃತ್ತು ಕೆಡುವ ಮಟ್ಟ. ಹೈನು ಇರುವ ಪ್ರತಿ ಮನೆಯಲ್ಲೂ ಈ ಮಾತು ಹೇಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಐಬುಪ್ರೊಫೇನ್ 400ರ ಒಂದೇ ಮಾತ್ರೆ ಹತ್ತು ಕಿಲೋ ನಾಯಿಗೆ ಕಿಲೋಗೆ 40 ಮಿ.ಗ್ರಾಂ ಆಗುತ್ತದೆ, ಜಠರದಲ್ಲಿ ಹುಣ್ಣಾಗಲು ಅಷ್ಟು ಸಾಕು. ನ್ಯಾಪ್ರೊಕ್ಸೆನ್ ಇನ್ನೂ ಅಪಾಯಕಾರಿ. ಮನುಷ್ಯರ ರಕ್ತದಲ್ಲಿ ಅದು ಅರ್ಧಕ್ಕಿಳಿಯಲು ಹನ್ನೆರಡರಿಂದ ಹದಿನೇಳು ಗಂಟೆ ಬೇಕಾದರೆ ನಾಯಿಯಲ್ಲಿ ಸುಮಾರು 74 ಗಂಟೆ. ಮಗುವಿಗೆ ಕೊಡುವಷ್ಟೇ ಕೊಟ್ಟೆ ಎಂಬ ಸಮಾಧಾನ ಸುಳ್ಳಾಗುವುದು ಇಲ್ಲಿಯೇ. ನಾಯಿ ಚಿಕ್ಕ ಮನುಷ್ಯನಲ್ಲ, ಅದರ ಯಕೃತ್ತು ಬೇರೆ. ಅಸಿಕ್ಲೋಫಿನಾಕ್ ಬಗ್ಗೆ ಒಂದು ಪಕ್ಕದ ಮಾತು: ಆಕಳ ಮೈಯಲ್ಲಿ ಅದು ಡೈಕ್ಲೋಫಿನಾಕ್ ಆಗಿ ಬದಲಾಗುತ್ತದೆ. ಅಂಥ ದನಗಳ ಹೆಣ ತಿಂದ ರಣಹದ್ದುಗಳ ಸಾವಿಗೆ ಕಾರಣವೆಂದು 2006ರಲ್ಲಿ ಭಾರತದಲ್ಲಿ ಪಶುಗಳಿಗೆ ಡೈಕ್ಲೋಫಿನಾಕ್ ನಿಷೇಧವಾಯಿತು, 2023ರಲ್ಲಿ ಅಸಿಕ್ಲೋಫಿನಾಕ್ ಮತ್ತು ಕೀಟೊಪ್ರೊಫೇನ್ ಕೂಡ.

ವೈದ್ಯರೇ ಬರೆದುಕೊಟ್ಟ ಮೆಲಾಕ್ಸಿಕಾಂ ಆದರೂ, ಕಾರ್ಪ್ರೊಫೇನ್ ಆದರೂ, ನಾಯಿ ಊಟ ಬಿಟ್ಟರೆ, ವಾಂತಿ ಮಾಡಿದರೆ, ಮಲ ಕಪ್ಪಾದರೆ ಮುಂದಿನ ಮಾತ್ರೆಯನ್ನು ಕೊಡದೆ ಫೋನ್ ಮಾಡಲು ಹೇಳಿಕಳಿಸಿ. ಇವುಗಳ ಜೊತೆಗೆ ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಸೇರಬಾರದು. ತುರಿಕೆಗೆಂದು ಬೇರೆ ಕಡೆ ಚುಚ್ಚಿಸಿಕೊಂಡು ಬಂದಿರಬಹುದು, ಕೇಳಿಯೇ ತಿಳಿಯಬೇಕು. ಒಂದು ನೋವಿನ ಮಾತ್ರೆಯಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಸಾಮಾನ್ಯವಾಗಿ ಐದರಿಂದ ಏಳು ದಿನ ಬಿಡುವು ಕೊಡುತ್ತಾರೆ. ಬೆಕ್ಕಿಗೆ ಪ್ಯಾರಾಸಿಟಮಾಲ್ ಚೂರೂ ಕೂಡದು, ಅದನ್ನು ಒಡೆದು ಹೊರಹಾಕುವ ಕಿಣ್ವದ ಬಲ ಬೆಕ್ಕಿಗಿಲ್ಲ.

ಕರಿಯನ ವಸಡು ಒತ್ತಿ ಬಿಟ್ಟಾಗ ಬಣ್ಣ ಮರಳಲು ಮೂರು ಸೆಕೆಂಡ್ ಹಿಡಿಯಿತು, ಎರಡರೊಳಗೆ ಮರಳಬೇಕಿತ್ತು. ಹೆಗಲ ಚರ್ಮ ಎತ್ತಿದರೆ ಮಡಿಕೆ ಹಾಗೆಯೇ ನಿಂತಿತು, ಮೈಯಲ್ಲಿ ನೀರು ಕಡಿಮೆಯಾದ ಗುರುತು. ಸಲೈನ್ ಹಾಕಿದೆವು, ಜಠರದ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಮತ್ತು ವಾಂತಿ ನಿಲ್ಲಲು ಚುಚ್ಚುಮದ್ದು ಕೊಟ್ಟೆವು, ವಾಂತಿ ನಿಂತ ಮೇಲೆ ಹುಣ್ಣಿಗೆ ಸುಕ್ರಾಲ್ಫೇಟ್. ಮೂರನೆಯ ದಿನ ಉಪ್ಪು ಖಾರವಿಲ್ಲದ ಗಂಜಿಯನ್ನು ತಾನಾಗಿ ನೆಕ್ಕಿತು. ಆ ದಿನವೇ ವೈದ್ಯರು ಅದರ ಮುಂಗಾಲನ್ನು ಬೆಳಕಿಗೆ ಹಿಡಿಯಲು ನನಗೆ ಹೇಳಿದರು. ಪಾದದ ಮೆತ್ತೆಗಳ ನಡುವೆ, ಕೀವಿನೊಳಗೆ, ಅರ್ಧ ಇಂಚಿನ ಬಿದಿರಿನ ಸಿಬಿರು ಇತ್ತು. ಕುಂಟಿದ್ದು ಅದಕ್ಕೆ. ಮೊದಲ ದಿನವೇ ನಾನು ಆ ಕಾಲನ್ನು ನೋಡಬೇಕಿತ್ತು.

ಮನೆಯಲ್ಲಿ ಮಾಡಬಹುದಾದದ್ದು ಸ್ವಲ್ಪವೇ. ಒಂದೆರಡು ಸಲ ವಾಂತಿ ಮಾಡಿ ಚುರುಕಾಗಿಯೇ ಇರುವ ಬೆಳೆದ ನಾಯಿಗೆ ಆರರಿಂದ ಹನ್ನೆರಡು ಗಂಟೆ ಆಹಾರ ನಿಲ್ಲಿಸಿ, ನೀರನ್ನು ಸ್ವಲ್ಪ ಸ್ವಲ್ಪವೇ ಆಗಾಗ ಇಟ್ಟು, ಬಳಿಕ ಮೆತ್ತಗಿನ ಅನ್ನ ಕೊಡಬಹುದು. ಮರಿಯನ್ನು ಹೀಗೆ ಉಪವಾಸ ಕೆಡವಬಾರದು, ಸಕ್ಕರೆಯ ಮಟ್ಟ ಇಳಿದುಹೋಗುತ್ತದೆ. ವಿಷ ಕಕ್ಕಿಸಲು ಉಪ್ಪುನೀರು ಕುಡಿಸುವ ರೂಢಿಯನ್ನು ಕಂಡಲ್ಲೆಲ್ಲ ತಡೆಯಿರಿ, ಉಪ್ಪೇ ನಾಯಿಯನ್ನು ಕೊಲ್ಲಬಲ್ಲದು.

ಮಳೆಯ ರಾತ್ರಿ ಸಿದ್ದಾಪುರದ ಒಳಊರಿನಿಂದಲೋ ಜೋಯಿಡಾದ ಕಾಡಂಚಿನಿಂದಲೋ ಫೋನ್ ಬಂದಾಗ, ರಸ್ತೆ ಮುಚ್ಚಿರುತ್ತದೆ, ಸಿಗ್ನಲ್ ಬಿಟ್ಟು ಬಿಟ್ಟು ಬರುತ್ತದೆ. ಮಾತು ಕಡಿದುಹೋಗುವ ಮೊದಲೇ ಕೇಳಬೇಕಾದದ್ದನ್ನು ಕೇಳಿಬಿಡಿ: ತೂಕ ಎಷ್ಟು, ವಾಂತಿಯ ಬಣ್ಣ ಯಾವುದು, ಹೊಟ್ಟೆ ಉಬ್ಬಿದೆಯೇ, ವಸಡು ಬಿಳಿಚಿದೆಯೇ. ಔಷಧ ಕೊಟ್ಟಿರಾ ಎಂದು ಕೇಳಬೇಡಿ. ಮನೆಯಲ್ಲಿ ಯಾರು ಯಾವ ಮಾತ್ರೆ ತಿನ್ನುತ್ತಾರೆ, ಅದರಲ್ಲಿ ಎಷ್ಟು ಕಡಿಮೆಯಾಗಿವೆ ಎಂದು ಕೇಳಿ, ಪಟ್ಟಿಯ ಹಿಂಬದಿಯ ಫೋಟೊ ಕಳಿಸಲು ಹೇಳಿ.