ಮೇಲೆ ಹೂಳು, ಕೆಳಗೆ ಮರಳಿಲ್ಲ: ತುಂಗಭದ್ರೆಯ 70 ವರ್ಷ

ಹೊಸಪೇಟೆ ಕಡೆ ಹೂಳಿನ ಲೆಕ್ಕ ಎಲ್ಲರಿಗೂ ಬಾಯಿಪಾಠ. ತುಂಗಭದ್ರಾ ಡ್ಯಾಂ ಕಟ್ಟಿದಾಗ ಸುಮಾರು 133 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ನೀರು ಹಿಡಿಯುತ್ತಿತ್ತು, ಈಗ ಹಿಡಿಯುವುದು 106ರ ಆಸುಪಾಸು. ಕಾಲುವೆ ನೀರಿನ ಜಗಳ ಶುರುವಾದರೆ ಈ ಮಾತು ಬಂದೇ ಬರುತ್ತದೆ. ಆದರೆ ಆ ಹೂಳು ಅಲ್ಲಿ ಕೂರದಿದ್ದರೆ ಎಲ್ಲಿಗೆ ಹೋಗುತ್ತಿತ್ತು? ಅದನ್ನು ಕೇಳುವವರು ಕಡಿಮೆ.

ಮಳೆಗಾಲದ ಕೆಂಪು ನೀರನ್ನು ಒಂದು ಗಾಜಿನ ಲೋಟದಲ್ಲಿ ಹಿಡಿದು ರಾತ್ರಿಯಿಡೀ ಬಿಟ್ಟು ನೋಡಿ. ಬೆಳಿಗ್ಗೆ ಹೊತ್ತಿಗೆ ತಳದಲ್ಲಿ ಮಣ್ಣು, ಮೇಲೆ ತಿಳಿ. ಡ್ಯಾಮಿನಲ್ಲೂ ಆಗುವುದು ಇಷ್ಟೇ. ಓಡುವ ಹೊಳೆ ಮರಳು-ಮಣ್ಣು ಹೊತ್ತು ತರುತ್ತದೆ. ಹಿನ್ನೀರಿಗೆ ಸೇರಿದ ಕೂಡಲೇ ಓಟ ನಿಲ್ಲುತ್ತದೆ. ದಪ್ಪ ಮರಳು ಹಿನ್ನೀರಿನ ಬಾಯಲ್ಲೇ ಬೀಳುತ್ತದೆ, ನುಣ್ಣನೆ ಜೇಡಿ ಗೋಡೆಯ ಹತ್ತಿರದವರೆಗೂ ಬರುತ್ತದೆ. ಗೇಟು ದಾಟುವುದು ಹೆಚ್ಚುಕಡಿಮೆ ತಿಳಿ ನೀರು.

ಈ ಹೊಳೆಗೆ ಕಟ್ಟೆ ಹೊಸದಲ್ಲ. ವಿಜಯನಗರದ ಕಾಲದವರೂ ಕಟ್ಟಿದ್ದರು. ಆಗ ತೋಡಿದ ತುರ್ತಾ ಕಾಲುವೆಯಲ್ಲಿ ಇವತ್ತಿಗೂ ನೀರು ಹರಿಯುತ್ತದೆ. ಆದರೆ ಅವು ಬಂಡೆಗಳ ನಡುವೆ ಕಲ್ಲು ಪೇರಿಸಿದ ಗಿಡ್ಡ ಅಣೆಕಟ್ಟುಗಳು. ಪ್ರವಾಹ ಬಂದಾಗ ನೀರು ಮೇಲೆ ಹಾದು ಹೋಗುತ್ತಿತ್ತು, ಜೊತೆಗೆ ಮರಳೂ.

ದೊಡ್ಡ ಡ್ಯಾಮಿನ ಯೋಚನೆ ಬಂದದ್ದು ಬರದಿಂದ. 1860ರಲ್ಲೇ ಬ್ರಿಟಿಷ್ ಎಂಜಿನಿಯರ್ ಆರ್ಥರ್ ಕಾಟನ್ ಇದನ್ನು ಎತ್ತಿದ್ದರು. ಮದ್ರಾಸ್ ಮತ್ತು ಹೈದರಾಬಾದ್ ಸರ್ಕಾರಗಳು ಸೇರಿ ಕೆಲಸ ಶುರು ಮಾಡಿದ್ದು 1945ರಲ್ಲಿ. 1953ರ ಹೊತ್ತಿಗೆ ಸುರ್ಕಿ ಗಾರೆಯ (ಸುಣ್ಣಕ್ಕೆ ಸುಟ್ಟ ಇಟ್ಟಿಗೆಪುಡಿ ಬೆರೆಸಿದ ಗಾರೆ) ಗೋಡೆ ಎದ್ದು ನಿಂತಿತ್ತು. ಬಳ್ಳಾರಿ, ರಾಯಚೂರಿನ ಒಣ ನೆಲದಲ್ಲಿ ಭತ್ತ ಬೆಳೆದದ್ದು ಈ ನೀರಿನಿಂದ. ಅದನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ.

ಇನ್ನು ಕೆಳಗೆ ಬನ್ನಿ. ಹೊರೆ ಇಳಿಸಿದ ನೀರಿಗೆ ಹಸಿವು ಜಾಸ್ತಿ. ಸಿಕ್ಕಿದ ಮರಳನ್ನು ಕೊರೆದು ಒಯ್ಯುತ್ತದೆ, ಮೇಲಿನಿಂದ ಹೊಸದು ಬರುವುದಿಲ್ಲ. ಉಳಿದದ್ದನ್ನು ನಾವು ಲಾರಿಗೆ ತುಂಬುತ್ತೇವೆ. ಹೀಗೆ ನದಿಯೊಳಗಿನ ಮರಳ ದಿಬ್ಬ ಸವೆಯುತ್ತದೆ. ನೀರುನಾಯಿ ಮೈ ಒರೆಸಿಕೊಳ್ಳಲು ಹೊರಳುವುದು, ಬಿಸಿಲು ಕಾಯುವುದು ಇಂಥ ಮರಳಿನ ಮೇಲೆ. ಆಮೆ ಮೊಟ್ಟೆ ಇಡುವುದೂ ಇಲ್ಲೇ. ತೊಂದರೆ ಹಂಪಿಗೇ ಮುಗಿಯುವುದಿಲ್ಲ. ತುಂಗಭದ್ರೆ ಕೃಷ್ಣೆಗೆ ಸೇರುತ್ತದೆ, ಅಲ್ಲಿ ಶ್ರೀಶೈಲ, ನಾಗಾರ್ಜುನಸಾಗರ ಕಾದು ಕೂತಿವೆ. ಸಮುದ್ರದ ಅಂಚಿನ ಕೃಷ್ಣಾ ಮುಖಜಭೂಮಿಗೆ ಮೊದಲಿನಷ್ಟು ಮಣ್ಣು ತಲುಪುತ್ತಿಲ್ಲ, ದಡ ಕೊರೆಯುತ್ತಿದೆ.

ಹೂಳೆತ್ತಿಬಿಡಿ ಅನ್ನುತ್ತೀರಾ? ಲೆಕ್ಕ ಹಾಕಿ ನೋಡೋಣ. ಹೋದ 27 ಟಿಎಂಸಿ ಅಂದರೆ ಸುಮಾರು 76 ಕೋಟಿ ಘನ ಮೀಟರ್. ಒಂದು ಟಿಪ್ಪರಿಗೆ 10 ಘನ ಮೀಟರ್ ಹಿಡಿದರೂ 7.6 ಕೋಟಿ ಲೋಡು. ದಿನಕ್ಕೆ ಸಾವಿರ ಲೋಡು, ಒಂದು ದಿನವೂ ರಜೆಯಿಲ್ಲದೆ, 200 ವರ್ಷಕ್ಕೂ ಹೆಚ್ಚು. ಅಷ್ಟರಲ್ಲಿ ಹೊಸ ಹೂಳು ಬರುತ್ತಲೇ ಇರುತ್ತದೆ ಅಲ್ವಾ? ಅದಕ್ಕೇ ಸರ್ಕಾರದ ಕಣ್ಣು ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಇನ್ನೊಂದು ಜಲಾಶಯ ಕಟ್ಟುವುದರ ಮೇಲಿದೆ. ಅದರಿಂದ ನೀರು ಉಳಿಯಬಹುದು, ಕೆಳಗಿನ ಹೊಳೆಗೆ ಒಂದು ಬೊಗಸೆ ಮರಳೂ ಸಿಗದು.

ಬೇರೆ ಕಡೆ ಬೇರೆ ದಾರಿ ಹುಡುಕಿದ್ದಾರೆ. ಅಮೆರಿಕದ ಗ್ಲೆನ್ ಕ್ಯಾನಿಯನ್ ಡ್ಯಾಮಿನಿಂದ 1996ರಲ್ಲಿ ಬೇಕೆಂದೇ ಒಂದು ವಾರ ಪ್ರವಾಹ ಬಿಟ್ಟು ಮರಳ ದಂಡೆ ಕಟ್ಟಿಸಿದರು. ಅಲ್ಲಿನದೇ ಎಲ್ವಾ ನದಿಯಲ್ಲಿ 2011ರಿಂದ 2014ರೊಳಗೆ ಎರಡು ಡ್ಯಾಮುಗಳನ್ನೇ ಒಡೆದು ತೆಗೆದರು. ಬಿಡುಗಡೆಯಾದ ಹೂಳು ಸಮುದ್ರದಂಚಿನಲ್ಲಿ ಹೊಸ ಮರಳ ತೀರ ಕಟ್ಟಿತು. ಇಷ್ಟೊಂದು ಹೊಲಗಳು ನಂಬಿಕೊಂಡಿರುವ ತುಂಗಭದ್ರೆಯಲ್ಲಿ ಎರಡನೆಯದು ಆಗದ ಮಾತು.

ನಮ್ಮಲ್ಲಿ ಆಗಿರುವುದು ಒಂದು. 2015ರಲ್ಲಿ ಡ್ಯಾಮಿನ ಕೆಳಗಿಂದ ಕಂಪ್ಲಿಯವರೆಗೆ ಸುಮಾರು 34 ಕಿಲೋಮೀಟರ್ ಹೊಳೆಯನ್ನು ನೀರುನಾಯಿ ಸಂರಕ್ಷಿತ ಪ್ರದೇಶ ಎಂದು ಘೋಷಿಸಿದರು. ಮರಳುಗಳ್ಳರನ್ನು ತಡೆಯಲು ಅದು ಬೇಕೇ ಬೇಕು. ಆದರೆ ಇರುವ ಮರಳನ್ನು ಕಾಯಬಹುದು, ಹೊಸದನ್ನು ತರಿಸಲಾಗದು.

2024ರ ಆಗಸ್ಟಿನಲ್ಲಿ ಚೈನ್ ತುಂಡಾಗಿ 19ನೇ ಗೇಟು ಕೊಚ್ಚಿಹೋಯಿತಲ್ಲ, ಆಗ ಟಿಎಂಸಿಗಟ್ಟಲೆ ನೀರು ಹೊಳೆಗೆ ಹೋಯಿತು. ಗೇಟುಗಳಿರುವುದು ಗೋಡೆಯ ಮೇಲಿನ 20 ಅಡಿಯಲ್ಲಿ. ತಳದ ಹೂಳು ಇದ್ದಲ್ಲೇ ಇತ್ತು.