ವೈರಲ್ ಲೋಡ್ ಕಾಣಿಸ್ತಾನೇ ಇಲ್ಲ ಅಂತ ರಿಪೋರ್ಟ್ ಬಂದಿದೆ, ಇನ್ನೂ ಎಆರ್‌ಟಿ ಮಾತ್ರೆ ಯಾಕೆ?

ಪ್ರಶ್ನೆ: ನನಗೆ ಎಚ್‌ಐವಿ ಇದೆ, ಎರಡು ವರ್ಷದಿಂದ ಎಆರ್‌ಟಿ, ಅಂದ್ರೆ ಆ ವೈರಸ್‌ನ ತಡೆಯೋ ಔಷಧಿ, ತಗೋತಾ ಇದೀನಿ, ದಿನಕ್ಕೆ ಒಂದೇ ಮಾತ್ರೆ, ರಾತ್ರಿ ಊಟ ಆದ್ಮೇಲೆ. ಹೋದ ಸಲ ವೈರಲ್ ಲೋಡ್, ಅಂದ್ರೆ ರಕ್ತದಲ್ಲಿ ಎಷ್ಟು ವೈರಸ್ ಇದೆ ಅನ್ನೋ ಟೆಸ್ಟಿನ ರಿಪೋರ್ಟಲ್ಲಿ ಟಾರ್ಗೆಟ್ ನಾಟ್ ಡಿಟೆಕ್ಟೆಡ್ ಅಂತ ಬಂತು, ತುಂಬಾ ಖುಷಿ ಆಯ್ತು. ಆದ್ರೆ ನಿದ್ದೆ ಸರಿಯಾಗಿ ಬರಲ್ಲ, ತೂಕ ಬೇರೆ ಏರ್ತಾ ಇದೆ, ಹಳೇ ಬಟ್ಟೆ ಯಾವುದೂ ಹಿಡಿಸ್ತಿಲ್ಲ. ವೈರಸ್ಸೇ ಇಲ್ಲ ಅಂದ್ಮೇಲೆ ಒಂದೆರಡು ತಿಂಗಳು ಮಾತ್ರೆ ಬಿಟ್ಟು ದೇಹಕ್ಕೆ ರೆಸ್ಟ್ ಕೊಡಬಹುದಾ?

ಉತ್ತರ: ಬಿಡಬೇಡಿ. ಇವತ್ತು ರಾತ್ರಿಯದ್ದೂ ತಗೊಳ್ಳಿ. ಆದ್ರೆ ನಿಮ್ಮ ನಿದ್ದೆ ವಿಷಯ, ತೂಕದ ವಿಷಯ ಎರಡೂ ನಿಜವಾದ ತೊಂದರೆಗಳೇ, "ಅದೆಲ್ಲ ನಿಮ್ಮ ಮನಸ್ಸಿನ ಭ್ರಮೆ" ಅಂತ ಯಾರಾದ್ರೂ ಅಂದಿದ್ರೆ ಅವರು ಹೇಳಿದ್ದು ತಪ್ಪು. ಎರಡಕ್ಕೂ ಮಾಡಕ್ಕೆ ಏನಾದ್ರೂ ಇದೆ, ಮಾತ್ರೆ ಬಿಡೋದೊಂದನ್ನ ಬಿಟ್ಟು.

ಮೊದಲು ಆ ರಿಪೋರ್ಟ್ ಏನು ಹೇಳ್ತಿದೆ ನೋಡೋಣ. ಆ ಟೆಸ್ಟು ನೋಡೋದು ರಕ್ತದಲ್ಲಿ ಓಡಾಡ್ತಿರೋ ವೈರಸ್‌ನ ಮಾತ್ರ. ಎಚ್‌ಐವಿ ರೋಗದ ವಿರುದ್ಧ ಹೋರಾಡೋ ನಮ್ಮ ಕೆಲವು ಸಿಡಿ4 ಬಿಳಿ ರಕ್ತಕಣಗಳ ಒಳಗೆ, ಅಂದ್ರೆ ಆ ಕಣದ ಡಿಎನ್ಎ ಒಳಗೇ ಸೇರ್ಕೊಂಡು ಸುಮ್ಮನೆ ಮಲಗಿರತ್ತೆ, ದುಗ್ಧಗ್ರಂಥಿ, ಕರುಳು ಇಂಥ ಕಡೆಯೆಲ್ಲ. ಮಾತ್ರೆಗೆ ಆ ಮಲಗಿರೋ ವೈರಸ್‌ನ ಮುಟ್ಟಕ್ಕೆ ಆಗಲ್ಲ, ಎದ್ದು ತನ್ನ ನಕಲು ಮಾಡ್ಕೊಳ್ಳೋದನ್ನ ಮಾತ್ರ ತಡೆಯತ್ತೆ. ಮಾತ್ರೆ ನಿಲ್ಲಿಸಿದ್ರೆ ಬಹಳಷ್ಟು ಜನಕ್ಕೆ ಎರಡರಿಂದ ನಾಲ್ಕು ವಾರದೊಳಗೆ ವೈರಸ್ ಮತ್ತೆ ರಕ್ತದಲ್ಲಿ ಕಾಣಿಸ್ಕೊಳ್ಳತ್ತೆ. ಅಂದ್ರೆ ನಿಮ್ಮ ರಿಪೋರ್ಟ್ ಚೆನ್ನಾಗಿ ಬಂದಿರೋದೇ ಮಾತ್ರೆಯಿಂದ, ಅದನ್ನೇ ಮಾತ್ರೆ ಬಿಡಕ್ಕೆ ಕಾರಣ ಮಾಡ್ಕೊಳ್ಳೋ ಹಾಗಿಲ್ಲ.

ಇದರಲ್ಲಿ ನನಗೆ ಹೆಚ್ಚು ಭಯ ಆಗೋದು ಯಾವುದು ಅಂದ್ರೆ, ಬಿಟ್ಟ ಮೊದಲ ತಿಂಗಳು ಜನಕ್ಕೆ ಏನೂ ಆಗಲ್ಲ, ಎಷ್ಟೋ ಸಲ ಮೊದಲಿಗಿಂತ ಚೆನ್ನಾಗೇ ಅನ್ಸತ್ತೆ. ಸೈಡ್ ಎಫೆಕ್ಟ್ ಹೋಗಿರತ್ತೆ, ನಿದ್ದೆ ಬರತ್ತೆ, ಬೆಳಗ್ಗೆ ಎದ್ದಾಗ ತಲೆ ಹಗುರ ಇರತ್ತೆ, "ನೋಡು ಬಿಟ್ಟಿದ್ದೇ ಒಳ್ಳೇದಾಯ್ತು" ಅಂತ ಧೈರ್ಯ ಬಂದುಬಿಡತ್ತೆ, ಅಷ್ಟೊತ್ತಿಗೆ ಒಳಗೆ ವೈರಲ್ ಲೋಡ್ ಏರಿ ಸಿಡಿ4 ಇಳಿಯಕ್ಕೆ ಶುರುವಾಗಿರತ್ತೆ, ಹೊರಗೆ ಒಂದು ಲಕ್ಷಣನೂ ಇರಲ್ಲ. ಗೊತ್ತಾಗೋದು ಟಿಬಿನೋ ನ್ಯುಮೋನಿಯಾನೋ ಬಂದು ಮಲಗಿದಾಗ.

ದೇಹಕ್ಕೆ ರೆಸ್ಟ್ ಕೊಡೋಣ ಅನ್ನೋದು ನಿಮಗೊಬ್ಬರಿಗೇ ಹೊಳೆದ ಐಡಿಯಾ ಏನಲ್ಲ, ಒಂದು ಕಾಲದಲ್ಲಿ ಡಾಕ್ಟರುಗಳೇ ಹೀಗೆ ಯೋಚನೆ ಮಾಡಿದ್ರು, ಯಾಕಂದ್ರೆ ಆಗಿನ ಮಾತ್ರೆಗಳು ತುಂಬಾ ಕಠಿಣ ಇದ್ವು. ಸ್ಮಾರ್ಟ್ ಅಂತ ಒಂದು ದೊಡ್ಡ ಅಧ್ಯಯನ ನಡೀತು, 33 ದೇಶದ 5472 ಜನ. ಒಂದು ಗುಂಪು ಮಾತ್ರೆ ಬಿಡದೇ ತಗೊಂಡ್ರು, ಇನ್ನೊಂದು ಗುಂಪಿಗೆ ಸಿಡಿ4 350 ದಾಟಿದ್ರೆ ನಿಲ್ಲಿಸೋದು, 250ಕ್ಕಿಂತ ಕೆಳಗೆ ಬಂದ್ರೆ ಮತ್ತೆ ಶುರು ಮಾಡೋದು. ಬಿಟ್ಟು ಬಿಟ್ಟು ತಗೊಂಡ ಗುಂಪಲ್ಲಿ ಸೋಂಕು ಬರೋ ಅಥವಾ ಸಾಯೋ ಅಪಾಯ ಇನ್ನೊಂದು ಗುಂಪಿಗಿಂತ ಎರಡು ಪಟ್ಟಿಗೂ ಜಾಸ್ತಿ ಇತ್ತು, ಹಾಗಾಗಿ 2006ರ ಜನವರಿಯಲ್ಲಿ ಹೊಸಬರನ್ನ ಸೇರಿಸಿಕೊಳ್ಳೋದನ್ನೇ ನಿಲ್ಲಿಸಿಬಿಟ್ರು. ಎಲ್ಲರಿಗೂ ಆಶ್ಚರ್ಯ ಆಗಿದ್ದು ಇನ್ನೊಂದು ವಿಷಯ. ಮಾತ್ರೆಯಿಂದ ಹೃದಯ, ಕಿಡ್ನಿ, ಲಿವರ್ ಹಾಳಾಗತ್ತೆ, ರೆಸ್ಟ್ ಕೊಟ್ರೆ ಅವು ಉಳಿಯತ್ತೆ ಅಂದ್ಕೊಂಡಿದ್ರು, ಆದ್ರೆ ಆ ಕಾಯಿಲೆಗಳೂ ಬಿಟ್ಟವರಲ್ಲೇ ಹೆಚ್ಚಾಗಿ ಕಂಡವು, ಯಾಕಂದ್ರೆ ವೈರಸ್ ಓಡಾಡ್ತಿದ್ರೆ ಇಡೀ ಮೈಯಲ್ಲಿ ಉರಿಯೂತ ಇರತ್ತೆ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತೇ ಇರಲ್ಲ. ನೀವು ತಗೋತಿರೋದು ಬಹುಶಃ ಟಿಎಲ್‌ಡಿ, ಅಂದ್ರೆ ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಒಂದೇ ಮಾತ್ರೇಲಿ. ಇದರಲ್ಲಿ ಮೊದಲಿನ ಎರಡೂ ಹೆಪಟೈಟಿಸ್ ಬಿ ಗೂ ಔಷಧಿ. ಎಚ್‌ಐವಿ ಜೊತೆ ಹೆಪಟೈಟಿಸ್ ಬಿ ಕೂಡ ಇರೋರು ಮಾತ್ರೆ ಥಟ್ಟಂತ ನಿಲ್ಲಿಸಿದ್ರೆ ಲಿವರ್ ಜೋರಾಗಿ ಕೆಡಬಹುದು, ಜೀವಕ್ಕೇ ಅಪಾಯ ಆಗಬಹುದು. ನಿಮ್ಮ ಫೈಲಲ್ಲಿ ಆ ಟೆಸ್ಟ್ ಆಗಿದೆಯಾ ಅಂತ ಮುಂದಿನ ಸಲ ಹೋದಾಗ ಕೇಳಿ.

ಮನೆಯವರ ವಿಷಯನೂ ಇದೆ. ವೈರಲ್ ಲೋಡ್ 200ಕ್ಕಿಂತ ಕಡಿಮೆ ಇರೋ ತನಕ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಹರಡಲ್ಲ, ಇದು ಸಾವಿರಾರು ಜೋಡಿಗಳನ್ನ ವರ್ಷಗಟ್ಟಲೆ ನೋಡಿ ಖಚಿತವಾದ ಮಾತು. ಮಾತ್ರೆ ಬಿಟ್ರೆ ಆ ರಕ್ಷಣೆ ಹೋಗತ್ತೆ, ಯಾವತ್ತು ಹೋಯ್ತು ಅಂತನೂ ಗೊತ್ತಾಗಲ್ಲ.

ಈಗ ನಿದ್ದೆಗೆ ಬರೋಣ. ಇದಕ್ಕೆ ಕಾರಣ ಡೊಲುಟೆಗ್ರಾವಿರ್ ಇರಬಹುದು, ಕೆಲವರಿಗೆ ಇದು ನಿದ್ದೆ ಕೆಡಿಸತ್ತೆ. ಮೊದಲು ಕೊಡ್ತಿದ್ದ ಮಾತ್ರೇಲಿ ಎಫಾವಿರೆಂಜ್ ಇರ್ತಿತ್ತು, ಅದು ತಗೊಂಡ್ರೆ ತಲೆ ಸುತ್ತೋದು, ಚಿತ್ರವಿಚಿತ್ರ ಕನಸು ಬೀಳೋದು ಆಗ್ತಿತ್ತು, ಅದಕ್ಕೆ "ರಾತ್ರಿ ಮಲಗೋ ಟೈಮಲ್ಲಿ ತಗೊಳ್ಳಿ" ಅಂತ ವರ್ಷಗಟ್ಟಲೆ ಎಲ್ಲರಿಗೂ ಹೇಳಿ ಹೇಳಿ ರೂಢಿ ಆಗಿತ್ತು. ಆಮೇಲೆ ಟಿಎಲ್‌ಡಿ ಬಂತು, ಮಾತ್ರೆ ಬದಲಾಯ್ತು, ಆದ್ರೆ ರಾತ್ರಿ ತಗೊಳ್ಳೋ ಅಭ್ಯಾಸ ಮಾತ್ರ ಹಾಗೇ ಉಳೀತು, ಹೊಸಬರಿಗೂ ಹಳಬರು ಅದನ್ನೇ ಹೇಳ್ಕೊಟ್ರು. ಟಿಎಲ್‌ಡಿನ ರಾತ್ರಿನೇ ತಗೋಬೇಕು ಅಂತೇನಿಲ್ಲ. ಬೆಳಗ್ಗೆಗೆ ಬದಲಾಯಿಸಿ ನೋಡಿ, ತುಂಬಾ ಜನಕ್ಕೆ ಅಷ್ಟರಲ್ಲೇ ಸರಿ ಹೋಗತ್ತೆ. ಬದಲಾಯಿಸುವಾಗ ಒಂದು ದಿನ ಬಿಟ್ಟು ಶುರು ಮಾಡೋದು ಬೇಡ, ಇವತ್ತು ರಾತ್ರಿ ತಗೊಂಡು ನಾಳೆ ಬೆಳಗ್ಗೆ ತಿಂಡಿ ಆದ್ಮೇಲೆ ಇನ್ನೊಂದು ತಗೊಂಡು ಅಲ್ಲಿಂದ ದಿನಾ ಅದೇ ಟೈಮಿಗೆ ಮುಂದುವರಿಸಿ, ಒಂದೇ ಸಲಕ್ಕೆ ಅದರಿಂದ ತೊಂದರೆ ಇಲ್ಲ. ಕಿಡ್ನಿ ಸಮಸ್ಯೆ ಇದ್ರೆ ಮಾತ್ರ ಡಾಕ್ಟರನ್ನ ಕೇಳಿಯೇ ಮಾಡಿ. ನಿದ್ದೆ ಜೊತೆ ಮನಸ್ಸು ಕುಗ್ಗೋದು, ಸಾಯಬೇಕು ಅನ್ನೋ ಯೋಚನೆ ಬರೋದು ಇದ್ರೆ ಮುಂದಿನ ಡೇಟ್ ತನಕ ಕಾಯಬೇಡಿ, ಅವತ್ತೇ ಹೋಗಿ ಹೇಳಿ. ಕೆಲವರಿಗೆ ಈ ಔಷಧಿಯಿಂದ ಹಾಗಾಗಬಹುದು, ಅದು ನಿಮ್ಮ ದೌರ್ಬಲ್ಯ ಅಲ್ಲ, ಔಷಧಿ ಬದಲಾಯಿಸೋ ದಾರಿ ಇದೆ.

ತೂಕ ಸ್ವಲ್ಪ ಕಷ್ಟದ ವಿಷಯ, ಸುಲಭದ ಉತ್ತರ ಇದೆ ಅಂತ ನಾನು ಹೇಳಲ್ಲ. ಕಾಯಿಲೆಯಿಂದ ಸೊರಗಿದ್ದ ದೇಹ ಚೇತರಿಸ್ಕೊಂಡು ತುಂಬ್ಕೊಳ್ಳೋದು ಒಂದು ಪಾಲು, ಔಷಧಿಯಿಂದನೇ ಬರೋ ತೂಕ ಇನ್ನೊಂದು ಪಾಲು. ದಕ್ಷಿಣ ಆಫ್ರಿಕಾದಲ್ಲಿ ನಡೆದ ಅಧ್ಯಯನದಲ್ಲಿ ಡೊಲುಟೆಗ್ರಾವಿರ್ ತಗೊಂಡವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ತೂಕ ಜಾಸ್ತಿ ಏರಿದ್ದು ಕಂಡಿದೆ. ಶುಗರ್, ಬಿಪಿ, ಕೊಲೆಸ್ಟ್ರಾಲ್ ಟೆಸ್ಟ್ ಮಾಡಿಸಿ, ರಾತ್ರಿ ಅನ್ನ ಕಡಿಮೆ ಮಾಡಿ, ದಿನಾ ನಡೀರಿ, ಪ್ರತಿ ಸಲ ಸೆಂಟರ್‌ಗೆ ಹೋದಾಗ ತೂಕ ಬರೆಸಿ, ತೀರಾ ಏರ್ತಾನೇ ಇದ್ರೆ ಡಾಕ್ಟರ್ ಹತ್ರ ಕೂತು ಮಾತಾಡಿ. ಶುಗರ್‌ಗೆ ಮೆಟ್‌ಫಾರ್ಮಿನ್ ತಗೋತಿದ್ರೆ ಆ ಡಾಕ್ಟರಿಗೆ ನೀವು ಡೊಲುಟೆಗ್ರಾವಿರ್ ತಗೋತಿರೋದು ಗೊತ್ತಿರಲೇಬೇಕು, ಇದು ರಕ್ತದಲ್ಲಿ ಮೆಟ್‌ಫಾರ್ಮಿನ್ ಪ್ರಮಾಣ ಜಾಸ್ತಿ ಮಾಡತ್ತೆ, ಸಾಮಾನ್ಯವಾಗಿ ದಿನಕ್ಕೆ 1000 ಮಿಲಿಗ್ರಾಂ ದಾಟಿಸಲ್ಲ.

ಗ್ಯಾಸ್ ಮಾತ್ರೆ ಬಗ್ಗೆ ಹೇಳಲೇಬೇಕು, ಯಾಕಂದ್ರೆ ಯಾರೂ ಅದನ್ನ ಔಷಧಿ ಅಂತನೇ ಲೆಕ್ಕಕ್ಕೆ ಹಿಡಿಯಲ್ಲ. ಹೊಟ್ಟೆ ಉರಿ ಅಂತ ಡೈಜೀನ್, ಜೆಲುಸಿಲ್ ಥರದ್ದು ತಗೊಂಡ್ರೆ ಅದರಲ್ಲಿರೋ ಮೆಗ್ನೀಷಿಯಂ, ಅಲ್ಯೂಮಿನಿಯಂ ಡೊಲುಟೆಗ್ರಾವಿರ್‌ನ ಹಿಡ್ಕೊಂಡು ಮೈಗೆ ಸೇರಕ್ಕೆ ಬಿಡಲ್ಲ. ಎಆರ್‌ಟಿ ಮಾತ್ರೆ ಅದಕ್ಕಿಂತ ಎರಡು ಗಂಟೆ ಮೊದಲು ತಗೋಬೇಕು, ಇಲ್ಲಾಂದ್ರೆ ಆರು ಗಂಟೆ ಬಿಟ್ಟು. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಯನ್ನ ಊಟದ ಜೊತೆ ಆದ್ರೆ ಒಟ್ಟಿಗೇ ತಗೋಬಹುದು, ಖಾಲಿ ಹೊಟ್ಟೇಲಿ ಒಟ್ಟಿಗೆ ಬೇಡ. ಗರ್ಭಿಣಿಯರು ಇದನ್ನ ಮುಖ್ಯವಾಗಿ ನೆನಪಿಡಿ, ಅವರಿಗೆ ಕಬ್ಬಿಣದ ಮಾತ್ರೆ ಕೊಟ್ಟೇ ಕೊಡ್ತಾರೆ. ಟಿಬಿಗೆ ರಿಫಾಂಪಿಸಿನ್ ಶುರು ಮಾಡಿದ್ರೆ ಡೊಲುಟೆಗ್ರಾವಿರ್ ಇನ್ನೊಂದು 50 ಮಿಲಿಗ್ರಾಂ ಹನ್ನೆರಡು ಗಂಟೆ ಬಿಟ್ಟು ಬೇಕಾಗತ್ತೆ, ಆದ್ದರಿಂದ ಟಿಬಿ ಡಾಕ್ಟರಿಗೂ ಎಆರ್‌ಟಿ ಸೆಂಟರಿಗೂ ಎರಡು ಕಡೆನೂ ಹೇಳಿ. ಫಿಟ್ಸ್‌ಗೆ ಮಾತ್ರೆ ತಗೊಳ್ಳೋರೂ ಹೀಗೇ ಎರಡು ಕಡೆ ಹೇಳಿ.

ಹೊಸದಾಗಿ ಶುರು ಮಾಡಿದವರಿಗೆ ಮೊದಲ ಕೆಲವು ವಾರ ವಾಕರಿಕೆ, ತಲೆನೋವು, ಸುಸ್ತು ಇದ್ದೇ ಇರಬಹುದು, ಬಹುತೇಕ ತಾನಾಗೇ ಕಡಿಮೆ ಆಗತ್ತೆ, ಊಟ ಆದ್ಮೇಲೆ ತಗೊಂಡ್ರೆ ವಾಕರಿಕೆ ಕಡಿಮೆ. ಮತ್ತೆ, ಆ ಟೈಮಲ್ಲಿ ಎಆರ್‌ಟಿ ಒಂದೇ ಇರಲ್ಲ, ಸಿಡಿ4 ಕಡಿಮೆ ಇದ್ರೆ ಬೇರೆ ಸೋಂಕು ಬರದೇ ಇರಲಿ ಅಂತ ಕೋಟ್ರೈಮಾಕ್ಸಜೋಲ್ ಇರತ್ತೆ, ಟಿಬಿ ಬರದೇ ಇರಲಿ ಅಂತ ಐಸೋನಿಯಾಜಿಡ್ ಇರತ್ತೆ. ಮೈಮೇಲೆ ಗಂಧೆ ಎದ್ರೆ ಕೋಟ್ರೈಮಾಕ್ಸಜೋಲ್‌ದಿರಬಹುದು, ಲಿವರ್ ತೊಂದರೆ ಐಸೋನಿಯಾಜಿಡ್‌ದಿರಬಹುದು, ಜನ ಬಿಡೋದು ಮಾತ್ರ ಎಆರ್‌ಟಿನ. ಯಾವುದರಿಂದ ಅಂತ ಡಾಕ್ಟರ್ ನೋಡಿ ಹೇಳಲಿ. ಆದ್ರೆ ಗಂಧೆ ಜೊತೆ ಜ್ವರ, ಬಾಯಲ್ಲಿ ಹುಣ್ಣು, ಚರ್ಮ ಸುಲಿಯೋದು, ಕಣ್ಣು ಹಳದಿ ಆಗಿ ಮೂತ್ರ ಕಂದು ಬಣ್ಣಕ್ಕೆ ಬರೋದು, ನಿಲ್ಲದ ವಾಂತಿ, ಉಸಿರಾಡಕ್ಕೆ ಕಷ್ಟ, ಕಾಲು ಮುಖ ಊದಿ ಮೂತ್ರ ಕಡಿಮೆ ಆಗೋದು, ಇಂಥದ್ದೇನಾದ್ರೂ ಆದ್ರೆ ಅವತ್ತೇ ಆಸ್ಪತ್ರೆಗೆ ಹೋಗಿ, ರಾತ್ರಿ ಆದ್ರೂ ಸರಿ. ಅಂಥ ಹೊತ್ತಲ್ಲಿ ಯಾವ ಮಾತ್ರೆ ನಿಲ್ಲಿಸಬೇಕು ಅಂತ ಡಾಕ್ಟರೇ ಹೇಳ್ತಾರೆ.

ವಯಸ್ಸಾದವರಲ್ಲಿ ಇನ್ನೊಂದು ಭಯ ನೋಡಿದೀನಿ. ನಮ್ಮ ದೇಶದಲ್ಲಿ ಸರ್ಕಾರ ಎಆರ್‌ಟಿ ಉಚಿತವಾಗಿ ಕೊಡಕ್ಕೆ ಶುರು ಮಾಡಿದ್ದು 2004ರ ಏಪ್ರಿಲ್‌ನಲ್ಲಿ, ಆಗ ಸ್ಟಾವುಡಿನ್ ಅನ್ನೋ ಔಷಧಿ ತಗೊಂಡವರಿಗೆ ಕೆನ್ನೆ ಒಳಗೆ ಹೋಗಿ ಕೈಕಾಲು ಸಣ್ಣ ಆಗಿ ನೋಡಿದ ತಕ್ಷಣ ಗೊತ್ತಾಗೋ ಹಾಗೆ ಆಗ್ತಿತ್ತು. ಬಾಗಲಕೋಟೆ, ಬೆಳಗಾವಿ ಕಡೆ ಊರೂರಲ್ಲಿ ಅಂಥ ಮುಖಗಳನ್ನ ಕಂಡವರು "ಈ ಮಾತ್ರೆ ತಿಂದ್ರೆ ಹಂಗಾಗತ್ತೆ" ಅಂತ ಇವತ್ತಿಗೂ ನಂಬಿದಾರೆ. ಆ ಔಷಧಿನ ಹಂತಹಂತವಾಗಿ ಬಿಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳ್ತು, ಇಲ್ಲೂ ಆಮೇಲೆ ಕೈಬಿಟ್ರು, ಈಗಿನ ಮಾತ್ರೇಲಿ ಅದಿಲ್ಲ.

ಇಷ್ಟೆಲ್ಲ ಹೇಳಿದ್ಮೇಲೂ, ಜನ ಮಾತ್ರೆ ಬಿಡೋದು ಸೈಡ್ ಎಫೆಕ್ಟಿಂದ ಮಾತ್ರ ಅಲ್ಲ ಅಂತ ನನಗೆ ಗೊತ್ತು. ಅತ್ತೆ ಮನೇಲಿ ಡಬ್ಬಿ ಎಲ್ಲಿಡೋದು ಅಂತ ಗೊತ್ತಾಗದೇ ಬಿಟ್ಟವರಿದಾರೆ, ಮದುವೆ ಮನೇಲಿ ನಾಲ್ಕು ದಿನ ಎಲ್ಲರ ಮುಂದೆ ನುಂಗಕ್ಕಾಗದೇ ಬಿಟ್ಟು ಆಮೇಲೆ ಮತ್ತೆ ಶುರು ಮಾಡದೇ ಹೋದವರಿದಾರೆ, ಗೋವಾಕ್ಕೋ ಪುಣೆಗೋ ದುಡಿಯಕ್ಕೆ ಹೋಗಿ ಅಲ್ಲೇ ಉಳಿದುಬಿಟ್ಟವರಿದಾರೆ. ಊರು ಬಿಟ್ಟು ಹೋಗುವಾಗ ಎಆರ್‌ಟಿ ಬುಕ್ ಜೊತೆಗೆ ಇಟ್ಕೊಳ್ಳಿ, ಬೇರೆ ರಾಜ್ಯದ ಎಆರ್‌ಟಿ ಸೆಂಟರ್‌ನಲ್ಲೂ ಅದನ್ನ ತೋರಿಸಿ ಮಾತ್ರೆ ತಗೋಬಹುದು, ಅಲ್ಲೇ ನೆಲೆಸೋದಾದ್ರೆ ಟ್ರಾನ್ಸ್‌ಫರ್ ಮಾಡ್ಕೊಡ್ತಾರೆ. ನಾಲ್ಕೈದು ದಿನದ ಮಾತ್ರೆ ಬೇರೆ ಸಣ್ಣ ಒಣ ಡಬ್ಬೀಲಿ ಹಾಕ್ಕೊಂಡು ಹೋಗಬಹುದು. ಶಿವರಾತ್ರಿ ಉಪವಾಸ, ಏಕಾದಶಿ, ರಂಜಾನ್ ರೋಜಾ ಇದ್ರೂ ತೊಂದರೆ ಇಲ್ಲ, ಟಿಎಲ್‌ಡಿನ ಊಟ ಇಲ್ಲದೇನೂ ತಗೋಬಹುದು, ರೋಜಾ ಇರೋರು ಸಹರಿ ಹೊತ್ತಿಗೋ ಇಫ್ತಾರ್ ಹೊತ್ತಿಗೋ ಇಟ್ಕೊಳ್ಳಿ. ಕೆಲಸದ ಕಡೆ ಗೊತ್ತಾದ್ರೆ ಅಂತ ಭಯ ಇದ್ರೆ, 2017ರ ಎಚ್‌ಐವಿ ಏಡ್ಸ್ ಕಾಯ್ದೆ ಪ್ರಕಾರ ನಿಮ್ಮ ಒಪ್ಪಿಗೆ ಇಲ್ಲದೇ ಈ ವಿಷಯ ಇನ್ನೊಬ್ಬರಿಗೆ ಹೇಳೋ ಹಾಗಿಲ್ಲ, ಅದೇ ಕಾರಣಕ್ಕೆ ಕೆಲಸದಿಂದ ತೆಗೆಯೋ ಹಾಗೂ ಇಲ್ಲ.

"ನಮ್ಮ ಔಷಧಿ ತಗೊಳ್ಳಿ, ಎಆರ್‌ಟಿ ಬಿಡಿ, ಆರು ತಿಂಗಳಲ್ಲಿ ನೆಗೆಟಿವ್ ಆಗ್ತೀರ" ಅನ್ನೋರ ಬಗ್ಗೆ ಹೆಚ್ಚು ಬರೆಯಲ್ಲ. ಯಾವ ಕಾಯಿಲೆಗಳನ್ನ ಗುಣ ಮಾಡ್ತೀವಿ ಅಂತ ಔಷಧಿ ಮೇಲೆ ಹೇಳ್ಕೊಳ್ಳೋ ಹಾಗಿಲ್ವೋ ಅದಕ್ಕೆ ನಮ್ಮ ಡ್ರಗ್ಸ್ ನಿಯಮಗಳಲ್ಲಿ ಶೆಡ್ಯೂಲ್ ಜೆ ಅಂತ ಒಂದು ಪಟ್ಟಿ ಇದೆ, ಅದರಲ್ಲಿ ಮೊದಲನೇ ಹೆಸರೇ ಏಡ್ಸ್. ಅಂಥವರ ಮಾತು ಕೇಳಿ ಮಾತ್ರೆ ಬಿಟ್ಟು ಕೊನೆಗೆ ಸ್ಟ್ರೆಚರ್ ಮೇಲೆ ವಾಪಸ್ ಬಂದವರನ್ನ ನೋಡಿದಾಗ ಹೊಟ್ಟೆ ಉರಿಯತ್ತೆ.

ಮರೆತುಹೋದ್ರೆ? ನೆನಪಾದ ತಕ್ಷಣ ತಗೊಳ್ಳಿ. ಮುಂದಿನ ಮಾತ್ರೆ ಟೈಮು ಹತ್ತಿರ ಬಂದುಬಿಟ್ಟಿದ್ರೆ ಅದೊಂದನ್ನೇ ತಗೊಳ್ಳಿ, ಎರಡು ಒಟ್ಟಿಗೆ ಬೇಡ. ಅಪರೂಪಕ್ಕೆ ಒಂದು ತಪ್ಪಿದ್ರೆ ಗಾಬರಿ ಆಗಬೇಡಿ. ಅರ್ಧ ಮಾತ್ರೆ ಮಾಡ್ಕೊಂಡು ತಗೊಳ್ಳೋದು, ದಿನ ಬಿಟ್ಟು ದಿನ ತಗೊಳ್ಳೋದು ಮಾತ್ರ ಯಾವತ್ತೂ ಬೇಡ, ಔಷಧಿ ಅರೆಬರೆ ಇದ್ದಾಗಲೇ ವೈರಸ್ ಅದಕ್ಕೆ ಬಗ್ಗದೇ ಇರೋದನ್ನ ಕಲಿಯೋದು.

ಇದನ್ನ ಓದ್ತಿರೋರಲ್ಲಿ ಆಗಲೇ ಬಿಟ್ಟುಬಿಟ್ಟಿರೋರೂ ಇರಬಹುದು. ಕೆಲವೇ ದಿನ ಆಗಿದ್ರೆ ಇವತ್ತೇ ಮತ್ತೆ ಶುರು ಮಾಡಿ, ಸೆಂಟರ್‌ಗೆ ಹೋಗಿ ಹೇಳಿ. ತಿಂಗಳುಗಳೇ ಆಗಿದ್ರೆ ಮನೇಲಿ ಉಳಿದಿರೋ ಹಳೇ ಡಬ್ಬಿ ತೆಗೆದು ನೀವೇ ಶುರು ಮಾಡ್ಕೋಬೇಡಿ, ಮೊದಲು ಹೋಗಿ, ಯಾಕಂದ್ರೆ ಸಿಡಿ4 ಇಳಿದಿದ್ರೆ ಒಳಗೆ ಟಿಬಿ, ಮೆದುಳಿನ ಸೋಂಕು ಏನಾದ್ರೂ ಇದೆಯಾ ಅಂತ ನೋಡಿಯೇ ಶುರು ಮಾಡಬೇಕಾಗತ್ತೆ, ಇಲ್ಲಾಂದ್ರೆ ಶಕ್ತಿ ವಾಪಸ್ ಬರೋ ಹೊತ್ತಲ್ಲಿ ಆ ಸೋಂಕು ಜೋರಾಗಿ ಕೆರಳಬಹುದು. ಯಾವ ಸೆಂಟರ್, ಹೇಗೆ ಹೋಗೋದು ಗೊತ್ತಿಲ್ಲ ಅಂದ್ರೆ 1097ಕ್ಕೆ ಫೋನ್ ಮಾಡಿ, ದುಡ್ಡಿಲ್ಲ. ಅಲ್ಲಿ ಯಾರಾದ್ರೂ ಬೈದ್ರೆ ಬೈಸ್ಕೊಳ್ಳಿ ಪರವಾಗಿಲ್ಲ, ವಾಪಸ್ ಮಾತ್ರ ಬರಬೇಡಿ.

ಇನ್ನೊಂದೇ ಒಂದು ಮಾತು ಉಳಿದಿದೆ, ಇದನ್ನ ಯಾರೂ ಹೇಳ್ಕೊಡಲ್ಲ. ಸೆಂಟರ್‌ನಲ್ಲಿ ಡಬ್ಬಿ ತೆಗೆದು ಉಳಿದ ಮಾತ್ರೆ ಎಣಿಸ್ತಾರಲ್ಲ, ಅದಕ್ಕೆ ಹೆದರಿ ಎಷ್ಟೋ ಜನ ಬಸ್ ಸ್ಟ್ಯಾಂಡಲ್ಲೇ ಮಿಕ್ಕ ಮಾತ್ರೆ ಎಸೆದು ಲೆಕ್ಕ ಸರಿ ಮಾಡ್ಕೊಂಡು ಒಳಗೆ ಹೋಗ್ತಾರೆ. ಆಮೇಲೆ ವೈರಲ್ ಲೋಡ್ ಜಾಸ್ತಿ ಬಂದಾಗ ಡಾಕ್ಟರ್ ಏನು ಅಂದ್ಕೊಳ್ತಾರೆ, ಈ ಮನುಷ್ಯ ಒಂದೂ ತಪ್ಪಿಸಿಲ್ಲ, ಹಾಗಾದ್ರೆ ಔಷಧಿನೇ ಕೆಲಸ ಮಾಡ್ತಿಲ್ಲ ಅಂತ, ಚೆನ್ನಾಗಿ ಕೆಲಸ ಮಾಡಬಹುದಾಗಿದ್ದ ಮಾತ್ರೆ ಬಿಡಿಸಿ ಇನ್ನೂ ಹೆಚ್ಚು ಮಾತ್ರೆಗಳ ಮುಂದಿನ ಲೈನ್‌ಗೆ, ಅಂದ್ರೆ ಮುಂದಿನ ಹಂತದ ಔಷಧಿಗೆ, ಹಾಕೋ ಹಾಗಾಗತ್ತೆ. ಮಿಕ್ಕಿದ್ದು ಹತ್ತಿರಲಿ ಇಪ್ಪತ್ತಿರಲಿ, ಹಾಗೇ ತಗೊಂಡು ಹೋಗಿ ಮೇಜಿನ ಮೇಲಿಡಿ, ಯಾಕೆ ಮಿಕ್ತು ಅಂತ ಹೇಳಿ, ನಿದ್ದೆ ಬರಲ್ಲ ಅಂತನೂ ಆಗಲೇ ಹೇಳಿ.